ಸಹಾಯ ಬೇಕು: ಮಂಗನ ಕಾಯಿಲೆ ಬಗ್ಗೆ ಮಾತಾಡುವವರು ಉಡುಪಿ ಕಡೆ ಯಾರಾದರೂ ಇದ್ದೀರಾ?

ನಮಸ್ಕಾರ. ನಮ್ಮೂರು ಬೈಂದೂರು ಕಡೆ, ಘಟ್ಟದ ಬುಡದಲ್ಲಿ. ಹಟ್ಟಿಗೆ ಹಾಸಲು ತರಗೆಲೆ ತರುವುದಕ್ಕೆ ಹೆಂಗಸರು ಕಾಡಿಗೆ ಹೋಗುತ್ತಾರೆ. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣ್ಣಿಗಳ ಕಾಟ ಜಾಸ್ತಿ, ಕಾಯಿಲೆ ಹರಡುವುದೂ ಆಗಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇದು. ಆದರೂ ಇಲ್ಲಿ ಎಷ್ಟೋ ಜನ ಮಂಗ ಕಚ್ಚಿದರೆ ಬರುತ್ತದೆ ಅಂದುಕೊಂಡಿದ್ದಾರೆ! ಕಚ್ಚುವುದು ಉಣ್ಣಿ. ಸತ್ತ ಮಂಗನ ಮೈಯಿಂದ ಉದುರುವ ಉಣ್ಣಿಗಳಿಂದ ಅಪಾಯ ಹೆಚ್ಚು.

ಮುಂದಿನ ತಿಂಗಳು ಸ್ವಸಹಾಯ ಸಂಘದ ಸಭೆ ಇದೆ. ಕುಂದಾಪ್ರ ಕನ್ನಡದಲ್ಲೇ ಅರ್ಧ ಗಂಟೆ ಮಾತಾಡುವ ಡಾಕ್ಟರ್, ನರ್ಸ್ ಅಥವಾ ಸಂಶೋಧನೆ ಮಾಡುವ ವಿದ್ಯಾರ್ಥಿ ಬೇಕಿತ್ತು. ಉಣ್ಣಿ ಹತ್ತದಂತೆ ಮೈಗೆ ಡೆಪಾ ಎಣ್ಣೆ ಹಚ್ಚುವುದು, ಕಚ್ಚಿದ ಉಣ್ಣಿ ತೆಗೆಯುವುದು ಹೇಗೆಂದು ತೋರಿಸಿದರೆ ಸಾಕು. ಸ್ಲೈಡ್ ಬೇಡ, ನಮ್ಮಲ್ಲಿ ಕರೆಂಟ್ ನಂಬುವಂತಿಲ್ಲ. ಉಣ್ಣಿಯ ದೊಡ್ಡ ಚಿತ್ರವಿರುವ ಪೋಸ್ಟರ್ ಇದ್ದರೂ ಕೊಡಿ. ಬಸ್ ಖರ್ಚು, ಊಟ ನಮ್ಮದು. ಇನ್‌ಬಾಕ್ಸ್ ಮಾಡಿ.