ನಾಗರಹೊಳೆಗೆ ಹೋದರೆ ಎಲ್ಲಿ ಉಳಿಯೋದು? ಕುಟ್ಟ ಕಡೆನಾ, ಕಬಿನಿ ಕಡೆನಾ?

ಬೆಣ್ಣೆದೋಸೆ ಊರಿನವಳು (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಮೇ ಮೊದಲ ವಾರ ನಾಗರಹೊಳೆಗೆ ಹೋಗೋಣ ಅಂತಿದ್ದೇವೆ. ನಾನು, ಮನೆಯವರು, ಆರು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ, ಆದರೆ ಆನೆ ನೋಡಬೇಕು ಅನ್ನೋ ಆಸೆ ಮನೆಯಲ್ಲಿ ಎಲ್ಲರಿಗಿಂತ ಅವರಿಗೇ ಜಾಸ್ತಿ. ಕುಟ್ಟದ ಹತ್ತಿರ ಕಾಫಿ ತೋಟದಲ್ಲಿ ಒಂದು ಹೋಂಸ್ಟೇ ನೋಡಿದ್ದೇವೆ, ಬಾಡಿಗೆ ಕಮ್ಮಿ. ಕಬಿನಿ ದಂಡೆಯ ಕಾರಾಪುರದಲ್ಲಿರುವ ಸರ್ಕಾರದ ರೆಸಾರ್ಟ್ ಜಂಗಲ್ ಲಾಡ್ಜಸ್ ದುಬಾರಿ ಅನಿಸಿತು. ದೊಡ್ಡ ಮಗ ಕಾಡೊಳಗೇ ಟೆಂಟ್ ಹಾಕಿ ಮಲಗೋಣ ಅಂತ ಹಟ ಹಿಡಿದಿದ್ದಾನೆ. ಕುಟ್ಟದಲ್ಲಿ ಉಳಿದು ಕಬಿನಿಯಲ್ಲಿ ಸಫಾರಿ ಮಾಡಬಹುದಾ? ಹೋಗಿ ಬಂದವರು ಹೇಳಿ.

ಕಲ್ಲಿನಕೋಟೆ (ಚಿತ್ರದುರ್ಗ):
ಅಕ್ಕಾ, ರೂಮು ಆಮೇಲೆ ನೋಡಿ, ಮೊದಲು ಸಫಾರಿ ಹೊರಡೋ ಗೇಟು ಯಾವುದು ಅಂತ ತೀರ್ಮಾನ ಮಾಡಿ. ನಾಗರಹೊಳೆ 643 ಚದರ ಕಿಲೋಮೀಟರ್ ಕಾಡು. ಕುಟ್ಟ ಕಡೆಯವರಿಗೆ ನಾಣಚ್ಚಿ ಗೇಟು, ಹುಣಸೂರು ಕಡೆಯವರಿಗೆ ವೀರನಹೊಸಹಳ್ಳಿ, ಕಬಿನಿ ಕಡೆಯವರಿಗೆ ದಮ್ಮನಕಟ್ಟೆ. ಫೋನಿನ ಮ್ಯಾಪಿನಲ್ಲಿ ಎಲ್ಲ ಒಂದೇ ಕಡೆ ಇದ್ದ ಹಾಗೆ ಕಾಣುತ್ತವೆ, ಆದರೆ ನಡುವೆ ಇರೋದು ಕಾಡು.

ನಾವು ಇದೇ ತಪ್ಪು ಮಾಡಿದ್ದೆವು. ಕಾಡಿನ ಪಕ್ಕದಲ್ಲೇ ಅಂತ ಹೇಳಿದ್ದನ್ನು ನಂಬಿ ಕುಟ್ಟದ ಹತ್ತಿರ ರೂಮು ಹಿಡಿದೆವು, ಸಫಾರಿ ಬುಕ್ ಮಾಡಿದ್ದು ದಮ್ಮನಕಟ್ಟೆಯಲ್ಲಿ. ಅಲ್ಲಿಗೆ ಹೋಗೋ ಕಾಡು ದಾರಿಯ ಬಾವಲಿ ಚೆಕ್‌ಪೋಸ್ಟ್ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ ಅನ್ನೋದು ಅಲ್ಲಿಗೆ ಹೋಗಿ ನಿಂತ ಮೇಲೇ ಗೊತ್ತಾಯಿತು. ಗೇಟು ತೆಗೆದು, ನಾವು ಕಾಡು ದಾಟಿ ತಲುಪುವಷ್ಟರಲ್ಲಿ ಬೆಳಗಿನ ಸಫಾರಿ ಬಸ್ಸು ಹೊರಟುಹೋಗಿತ್ತು. ನಾಲ್ಕು ಗಂಟೆಗೇ ಎದ್ದು ಸ್ನಾನ ಮಾಡಿ ಸ್ವೆಟರ್ ಹಾಕಿಕೊಂಡು ಬಂದಿದ್ದ ನಮ್ಮಪ್ಪ ಒಂದು ಮಾತೂ ಆಡದೆ ಕಾರಿನಲ್ಲಿ ಕೂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ನಿಮ್ಮ ಅತ್ತೆಗೆ ಹಾಗಾಗೋದು ಬೇಡ.

ಮೇ ತಿಂಗಳು ಅಂದರೆ ನಾನಂತೂ ಕಬಿನಿ ಅಂತಲೇ ಹೇಳುತ್ತೇನೆ. ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ, ಇಳಿದ ಜಾಗದಲ್ಲಿ ಹಸಿ ಹುಲ್ಲು ಬರುತ್ತದೆ, ಸುತ್ತಲಿನ ಕಾಡು ಒಣಗಿರೋದರಿಂದ ಆನೆಗಳು ಮರಿ ಕಟ್ಟಿಕೊಂಡು ಅಲ್ಲಿಗೇ ಬರುತ್ತವೆ. ಬೋಟಿನಲ್ಲಿ ಕೂತೇ ನೋಡಬಹುದು, ಜೀಪಿನ ಕುಲುಕಾಟ ಇಲ್ಲ.

ಅಡಿಕೆ ತೋಟ (ಚನ್ನಗಿರಿ):
ದುಡ್ಡಿನ ಲೆಕ್ಕ ಸರಿಯಾಗಿ ಹಾಕಿ ನೋಡಿ. ಜಂಗಲ್ ಲಾಡ್ಜಸ್ ಬಾಡಿಗೆಯಲ್ಲಿ ಊಟ ತಿಂಡಿ, ಸಫಾರಿ ಎಲ್ಲಾ ಸೇರಿರುತ್ತದೆ. ಹೋಂಸ್ಟೇ ಆದರೆ ಸಫಾರಿ ಟಿಕೆಟ್ ಬೇರೆ, ಗೇಟಿಗೆ ಓಡಾಡೋ ಖರ್ಚು ಬೇರೆ. ಐದು ಜನಕ್ಕೆ ಕೂಡಿಸಿದರೆ ನೀವು ಅಂದುಕೊಂಡಷ್ಟು ವ್ಯತ್ಯಾಸ ಇರೋದಿಲ್ಲ. ಬುಕ್ ಮಾಡುವಾಗಲೇ ಮೆಟ್ಟಿಲಿಲ್ಲದ ಕಾಟೇಜ್ ಬೇಕು, ಅದು ಊಟದ ಜಾಗಕ್ಕೆ ಹತ್ತಿರ ಇರಬೇಕು ಅಂತ ಫೋನ್ ಮಾಡಿ ಹೇಳಿ.

ಟೆಂಟ್ ವಿಷಯ: ರಾಷ್ಟ್ರೀಯ ಉದ್ಯಾನದೊಳಗೆ ನಾವಾಗಿಯೇ ಟೆಂಟ್ ಹಾಕೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡೋದೇ ತಪ್ಪು. ಕಾಡಿನಂಚಿನ ತೋಟದಲ್ಲಿ ಟೆಂಟ್ ಹಾಕಿಕೊಡುತ್ತೇವೆ, ಬೆಂಕಿ ಹಾಕಿ ಹಾಡು ಹಚ್ಚುತ್ತೇವೆ ಅನ್ನುವವರ ಹತ್ತಿರವೂ ಹೋಗಬೇಡಿ. ಅದು ಆನೆ ಓಡಾಡೋ ದಾರಿ, ಮಕ್ಕಳನ್ನು ಕರಕೊಂಡು ಮಲಗೋ ಜಾಗ ಅಲ್ಲ. ಮಗನಿಗೆ ಆಸೆ ಇದ್ದರೆ ಕಬಿನಿ ಜಂಗಲ್ ಲಾಡ್ಜಸ್‌ನಲ್ಲೇ ಟೆಂಟ್ ಕಾಟೇಜ್ ಕೇಳಿ. ಕ್ಯಾನ್ವಾಸ್ ಗೋಡೆ, ಒಳಗೆ ಮಂಚ, ಬಾತ್‌ರೂಮ್ ಎಲ್ಲಾ ಇರುತ್ತದೆ.

ಭದ್ರಾ ನಾಲೆ (ದಾವಣಗೆರೆ):
ನನ್ನದು ಬೇರೆ ಮಾತು. ಮಂಡಿನೋವಿನ ಅಜ್ಜಿ, ಸಣ್ಣ ಮಕ್ಕಳನ್ನು ಕರಕೊಂಡು ಕಬಿನಿಗೆ ಹೋಗೋದಂದರೆ ಇಡೀ ದಿನ ಕಾರಿನಲ್ಲೇ ಹೋಗುತ್ತದೆ. ಭದ್ರಾ ಡ್ಯಾಮಿನ ಲಕ್ಕವಳ್ಳಿ ಯಾಕೆ ನೋಡಬಾರದು? ನಮ್ಮೂರಿನಿಂದ ಮೂರು ಗಂಟೆ ದಾರಿ. ನಮ್ಮ ಗದ್ದೆಗೆ ನೀರು ಬರೋ ಡ್ಯಾಮು ಅದೇ ಅಲ್ವಾ? ಭದ್ರಾ ರಾಷ್ಟ್ರೀಯ ಉದ್ಯಾನ ಅಲ್ಲ, ಅಭಯಾರಣ್ಯ, 1998ರಿಂದ ಹುಲಿ ಮೀಸಲು ಕೂಡ ಹೌದು. ಹಿನ್ನೀರಿನ ದಂಡೆಯಲ್ಲೇ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಎದ್ದು ಕಾಣೋ ನಡುಗಡ್ಡೆಗಳ ಮೇಲೆ ಲಾಡ್ಜಿನ ಹೆಸರಲ್ಲಿರೋ ಆ ಟರ್ನ್ ಹಕ್ಕಿಗಳು ಗುಂಪು ಗುಂಪಾಗಿ ಮೊಟ್ಟೆ ಇಡುತ್ತವೆ, ಬೋಟಿನಿಂದ ನೋಡಬೇಕು ಅದನ್ನು. ಅಲ್ಲಿಯೂ ಗೇಟಿನ ಮಾತು ನೆನಪಿರಲಿ. ಭದ್ರಾದ ಇನ್ನೊಂದು ಗೇಟು ಮುತ್ತೋಡಿ ಚಿಕ್ಕಮಗಳೂರು ಕಡೆಯದು, ಲಕ್ಕವಳ್ಳಿಗೆ ಹೋಗುವವರು ಅಲ್ಲಿ ರೂಮು ಮಾಡಬೇಡಿ.

ಬೆಣ್ಣೆದೋಸೆ ಊರಿನವಳು:
ತುಂಬಾ ಉಪಕಾರ ಆಯಿತು. ಕುಟ್ಟ ಬಿಟ್ಟೆವು. ಭದ್ರಾ ಅಂದ ತಕ್ಷಣ ಅತ್ತೆ ಮುಖ ಅರಳಿತು, ಆದರೆ ಆನೆ ಕಾಣದಿದ್ದರೆ ಅಂತ ಯೋಚನೆ. ತಿಂಡಿ ಒಯ್ಯಬಹುದಾ?

ಭದ್ರಾ ನಾಲೆ:
ಆನೆ ಅಲ್ಲಿಯೂ ಇವೆ, ಆದರೆ ಕಬಿನಿಯಷ್ಟು ಹಿಂಡು ನಿರೀಕ್ಷಿಸಬೇಡಿ. ಹಕ್ಕಿ, ನೀರು, ನೆಮ್ಮದಿ ಸಾಕು ಅಂದರೆ ಲಕ್ಕವಳ್ಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ ಧಾರಾಳವಾಗಿ ಒಯ್ಯಿರಿ, ಕಿಟಕಿ ಹತ್ತಿರ ಮಾತ್ರ ಇಡಬೇಡಿ, ಕೋತಿಗಳು ಬಿಡೋದಿಲ್ಲ.

ಕಲ್ಲಿನಕೋಟೆ:
ಅಕ್ಕಾ, ಅತ್ತೆಗೆ ಆನೆಯೇ ಬೇಕು ಅಂದರೆ ಕಬಿನಿಗೇ ಹೋಗಿ. ಮೈಸೂರಿನಲ್ಲಿ ಒಂದು ರಾತ್ರಿ ಉಳಿದು ಹೋದರೆ ಆಯಾಸ ಆಗೋದಿಲ್ಲ. ದುಡ್ಡು ಕಟ್ಟುವ ಮೊದಲು ಸಫಾರಿ ನಡೀತಿದೆಯಾ ಅಂತ ಕೇಳಿಕೊಳ್ಳಿ. ಸರಗೂರು ಕಡೆ ಹುಲಿ ದಾಳಿಯಲ್ಲಿ ರೈತರು ಸತ್ತಾಗ, 2025ರ ನವೆಂಬರ್‌ನಲ್ಲಿ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು.