ಅತ್ತೆ ಮಾವ, ಮಕ್ಕಳ ಜೊತೆ ಲಂಡನ್: ಹೋಗಿ ಬಂದವರು ಅನುಭವ ಹೇಳಿ

ತುಮಕೂರಿನ ಸೊಸೆ:
ಎಲ್ಲರಿಗೂ ನಮಸ್ಕಾರ. ಮೇ ಕೊನೆಯಲ್ಲಿ ಒಂದು ವಾರ ಲಂಡನ್‌ಗೆ ಹೋಗೋಣ ಅಂತಿದ್ದೇವೆ. ನಾವಿಬ್ಬರು, ಅತ್ತೆ ಮಾವ, 8 ಮತ್ತು 13 ವರ್ಷದ ಮಕ್ಕಳು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಎಲ್ಲರೂ ಸಸ್ಯಾಹಾರಿಗಳು. ಪ್ಯಾಕೇಜ್ ಟೂರ್ ತಗೊಳ್ಳೋದಾ, ನಾವೇ ಪ್ಲ್ಯಾನ್ ಮಾಡೋದಾ? ಉಳಿಯೋಕೆ ಯಾವ ಏರಿಯಾ ಒಳ್ಳೆಯದು?

ದಾವಣಗೆರೆ ಮೇಷ್ಟ್ರು:
ಪ್ಯಾಕೇಜ್ ಮಾತ್ರ ಬೇಡಮ್ಮಾ. ಕೈಮುಗಿದು ಹೇಳ್ತೀನಿ. ನಾವು ತಗೊಂಡಿದ್ದು ಯೂರೋಪ್ ಟೂರ್, ಲಂಡನ್ ಅದರ ಕೊನೆಯಲ್ಲಿತ್ತು. ಮುಂಗಡ ಕಟ್ಟಿದ ಮೇಲೆ ಏಜೆಂಟ್ ಬಾಯಿ ಬಿಟ್ಟ: ಯೂರೋಪಿನ ಹಲವು ದೇಶಕ್ಕೆ ನಡೆಯೋ ಷೆಂಗೆನ್ ವೀಸಾ ಲಂಡನ್‌ಗೆ ನಡೆಯಲ್ಲ, ಬ್ರಿಟನ್ ವೀಸಾ ಬೇರೆ ಅಂತ. ಷೆಂಗೆನ್‌ಗೆ ತಲೆಗೆ 90 ಯೂರೋ ಆಗಲೇ ಕೊಟ್ಟಾಗಿತ್ತು. ಇದಕ್ಕೆ ಮತ್ತೆ ತಲೆಗೆ 127 ಪೌಂಡ್. ಅರ್ಜೆಂಟ್ ಬೇಕಾದರೆ ಇನ್ನೂ 500 ಪೌಂಡ್ ಅಂದ. ತಲೆಗೆ! ನಾನು ಕೊಡಲಿಲ್ಲ. ಹೊರಡೋ ಹಿಂದಿನ ವಾರದ ತನಕ ಪಾಸ್‌ಪೋರ್ಟ್ ಕೈಗೆ ಬರಲಿಲ್ಲ, ಮನೆಯವಳಿಗೆ ನಿದ್ದೆ ಇಲ್ಲ.

ಹೋಟೆಲ್ ಲಂಡನ್ನಿನದೇ ಅಲ್ಲ. ಹೀಥ್ರೂ ಏರ್‌ಪೋರ್ಟ್ ಆಚೆ, ಹೆದ್ದಾರಿ ಪಕ್ಕ. ಬೆಳಿಗ್ಗೆ ಬಸ್ ಹತ್ತಿದರೆ ಊರೊಳಗೆ ಬರೋಕೇ ಒಂದೂವರೆ ಗಂಟೆ. ಟವರ್ ಆಫ್ ಲಂಡನ್ ಹೊರಗಿನಿಂದ ತೋರಿಸಿದರು. ಕೊಹಿನೂರ್ ಒಳಗಿದೆ, ನಾವು ಗೋಡೆ ನೋಡಿಕೊಂಡು ಬಂದೆವು. ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕಾವಲುಗಾರರ ಬದಲಾವಣೆ ಸಾಮಾನ್ಯವಾಗಿ ಸೋಮ, ಬುಧ, ಶುಕ್ರ, ಭಾನುವಾರ. ನಮ್ಮನ್ನು ಕರೆದುಕೊಂಡು ಹೋಗಿದ್ದು ಮಂಗಳವಾರ. ಖಾಲಿ ಗೇಟು! ಸಂಜೆ ಐದೂವರೆಗೆ ಊಟಕ್ಕೆ ಕೂರಿಸಿದರು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ. ಆ ಬೆಳಕನ್ನೆಲ್ಲ ಹೋಟೆಲ್ ಕಿಟಕಿಯಲ್ಲಿ ಕಳೆದೆವು.

ಜಯನಗರದ ಅಜ್ಜಿ:
ಮೇಷ್ಟ್ರೇ, ಎಲ್ಲಾ ಪ್ಯಾಕೇಜನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ಯಜಮಾನರಿಗೆ ಬೈಪಾಸ್ ಆಗಿದೆ. ನಾವು ಪ್ಯಾಕೇಜಲ್ಲೇ ಹೋಗಿ ಬಂದೆವು, ಒಂದು ದಿನ ಕೂಡ ತೊಂದರೆ ಆಗಲಿಲ್ಲ. ಹೀಥ್ರೂನಲ್ಲಿ ವೀಲ್‌ಚೇರ್ ಕಾದಿತ್ತು. ಬಸ್ಸಿಗೆ ಸೂಟ್‌ಕೇಸ್ ಹಾಕೋದು, ಇಳಿಸೋದು ಅವರೇ. ರಾತ್ರಿ ಬಿಸಿ ಅನ್ನ, ತಿಳಿಸಾರು, ಮೊಸರು. ಆ ಟೂರ್ ಮ್ಯಾನೇಜರ್ ಹುಡುಗ ಇವರ ಮಾತ್ರೆ ಹೊತ್ತು ಕೂಡ ನೆನಪಿಸುತ್ತಿದ್ದ. ನಮ್ಮ ವಯಸ್ಸಿಗೆ ಮ್ಯಾಪ್ ಹಿಡಿದು ಅಲೆಯೋಕಾಗುತ್ತಾ? ನಿಮ್ಮ ಕಾಗದದಲ್ಲಿ 'ಹೊರನೋಟ' ಅಂತ ಬರೆದಿರುತ್ತಾರೆ. ಸಹಿ ಹಾಕೋ ಮುಂಚೆ ಓದಬೇಕಿತ್ತು.

ದಾವಣಗೆರೆ ಮೇಷ್ಟ್ರು:
ಓದಿದ್ದೆ ತಾಯಿ. ಮೂವತ್ತು ವರ್ಷ ಮಕ್ಕಳಿಗೆ ಓದೋದು ಕಲಿಸಿದವನು ನಾನು. ಮಂಗಳವಾರ ಗೇಟ್ ಖಾಲಿ ಇರುತ್ತೆ ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ರೆಡಿಂಗ್ ಕನ್ನಡಿಗ:
ನಾನು ಇಲ್ಲೇ, ಲಂಡನ್ ಹತ್ತಿರದ ರೆಡಿಂಗ್‌ನಲ್ಲಿ ಇರೋದು. ಊರಿಂದ ಯಾರು ಬಂದರೂ ದುಡ್ಡು ಕಳೆಯೋದು ಮೊದಲ ಒಂದು ಗಂಟೆಯಲ್ಲೇ. ಹೀಥ್ರೂ ಎಕ್ಸ್‌ಪ್ರೆಸ್ ರೈಲಿನ ಬೋರ್ಡ್ ದೊಡ್ಡದಾಗಿ ಕಾಣುತ್ತೆ, ಹತ್ತಿಬಿಡ್ತಾರೆ. 2025ರಲ್ಲಿ ಆ ದಿನಕ್ಕೇ ಟಿಕೆಟ್ ತಗೊಂಡರೆ ತಲೆಗೆ 25 ಪೌಂಡ್ ಇತ್ತು. ಎಲಿಜಬೆತ್ ಲೈನ್ ರೈಲಿಗೆ ಅದೇ ವರ್ಷ 13.90. ಪಿಕಡಿಲಿ ಲೈನ್ ಸುರಂಗ ರೈಲಿಗೆ 5.80. ಪಿಕಡಿಲಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು ಅಷ್ಟೇ. ನಮ್ಮಪ್ಪ ಅಮ್ಮ ಪ್ರತಿ ಸಲ ಪಿಕಡಿಲಿಯಲ್ಲೇ ಬಂದರು, ಹಾಯಾಗಿ.

ಓಡಾಟಕ್ಕೆ ಪಾಸು ಗೀಸು ಏನೂ ಬೇಡ. ಗೇಟಿನ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ಮುಟ್ಟಿಸಿ ಹೋಗಿ. ಊರ ಮಧ್ಯದ ಝೋನ್ 1-2 ಒಳಗೆ ದಿನದ ಮಿತಿ (2025ರಲ್ಲಿ 8.90 ಪೌಂಡ್) ಮುಟ್ಟಿದ ಮೇಲೆ ಎಷ್ಟು ಸುತ್ತಿದರೂ ಮತ್ತೆ ಹಣ ಹೋಗಲ್ಲ. ಬಸ್‌ಗೆ 2025ರಲ್ಲಿ 1.75 ಇತ್ತು, ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಅದಕ್ಕೆ ದುಡ್ಡಿಲ್ಲ. ಬಸ್ಸಲ್ಲಿ ನಗದು ನಡೆಯಲ್ಲ, 2014ರಿಂದಲೇ ನಿಂತಿದೆ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ನಮ್ಮ ಭಾವ ಒಳಗೆ ಹೋಗುವಾಗ ಫೋನ್ ಮುಟ್ಟಿಸಿದರು, ಹೊರಗೆ ಬರುವಾಗ ಅದೇ ಬ್ಯಾಂಕಿನ ಪ್ಲಾಸ್ಟಿಕ್ ಕಾರ್ಡ್. ಯಂತ್ರಕ್ಕೆ ಅದು ಇಬ್ಬರು ಬೇರೆ ಬೇರೆ ಮನುಷ್ಯರ ಅರ್ಧರ್ಧ ಪ್ರಯಾಣ. ಎರಡಕ್ಕೂ ಗರಿಷ್ಠ ದರ ಕಿತ್ತುಕೊಂಡಿತು.

11 ತುಂಬದ ಮಗುವಿಗೆ ದೊಡ್ಡವರ ಜೊತೆ ಟ್ಯೂಬ್ (ಸುರಂಗ ರೈಲು) ಫ್ರೀ. 11ರಿಂದ 15ರವರಿಗೆ ಆಯ್‌ಸ್ಟರ್ ಕಾರ್ಡ್ (ಇಲ್ಲಿನ ಬಸ್ಸು ರೈಲಿನ ಕಾರ್ಡ್) ಕೊಂಡು, ಸ್ಟೇಷನ್ ಸಿಬ್ಬಂದಿ ಹತ್ತಿರ 'ಯಂಗ್ ವಿಸಿಟರ್' ರಿಯಾಯಿತಿ ಹಾಕಿಸಬೇಕು. 14 ದಿನ ಅರ್ಧ ದರ. ಕೇಳದೇ ಇದ್ದರೆ ಯಾರೂ ಹಾಕಿಕೊಡಲ್ಲ.

ಹುಬ್ಬಳ್ಳಿ ಅಕ್ಕ:
ರೆಡಿಂಗ್ ಅಣ್ಣ, ಅಲ್ಲೇ ಇರೋರಿಗೆ ಪಿಕಡಿಲಿ ಹಾಯಾಗೇ ಇರುತ್ತೆ. ಹದಿನಾಲ್ಕು ತಾಸು ಪ್ರಯಾಣ ಮಾಡಿ, ಸೂಟ್‌ಕೇಸು, ಮಕ್ಕಳು, ವಯಸ್ಸಾದವರನ್ನು ಕಟ್ಟಿಕೊಂಡು ಆಫೀಸ್ ಹೊತ್ತಿನಲ್ಲಿ ಆ ರೈಲು ಹತ್ತಿ ನೋಡಿ. ಕೂರೋದು ಬಿಡಿ, ನಿಲ್ಲೋಕೂ ಜಾಗ ಇರಲಿಲ್ಲ. ಇಳಿದ ಸ್ಟೇಷನ್ನಲ್ಲಿ ಲಿಫ್ಟ್ ಇಲ್ಲ. ನಮ್ಮ ಮನೆಯವರು ಒಂದೊಂದೇ ಸೂಟ್‌ಕೇಸ್ ಮೇಲೆ ಒಯ್ದು ಇಟ್ಟು, ಇಳಿದು ಬಂದು, ಮತ್ತೆ ಒಯ್ದರು.

ಹೋಟೆಲ್ ಕಥೆ ಇನ್ನೂ ಕೆಟ್ಟದು. ಪ್ಯಾಡಿಂಗ್ಟನ್ ಕಡೆ, ಬಿಳೀ ಕಂಬದ ಹಳೇ ಮನೆ, ಫೋಟೋದಲ್ಲಿ ಅರಮನೆ. ನಮ್ಮ ರೂಮು ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ. ಮೆಟ್ಟಿಲು ಎಷ್ಟು ಕಿರಿದು ಅಂದರೆ ಸೂಟ್‌ಕೇಸನ್ನು ಎದೆ ಮುಂದೆ ಅಡ್ಡ ಹಿಡಿದು ಹತ್ತಬೇಕು. ಕೆಳಗಿನ ರೂಮ್ ಕೊಡಿ ಅಂದರೆ ರಾತ್ರಿಗೆ 40 ಪೌಂಡ್ ಜಾಸ್ತಿ ಕೇಳಿದ. ಅತ್ತೆಯವರು ಬೆಳಿಗ್ಗೆ ಇಳಿದರೆ ರಾತ್ರಿ ತನಕ ಹತ್ತುತ್ತಿರಲಿಲ್ಲ, ಮಧ್ಯಾಹ್ನ ಪಾರ್ಕಿನ ಬೆಂಚ್ ಮೇಲೆ ಮಲಗುತ್ತಿದ್ದರು. ಆ ಮುದುಕಿಯನ್ನು ಹಾಗೆ ನೋಡಿ ನನಗೆ ಅಳು ಬಂತು.

ಇನ್ನು ಧಾರವಾಡ ಪೇಢೆ. ಎರಡು ಕಿಲೋ, ತಂಗಿ ಮಗಳಿಗೆ ಅಂತ ಒಯ್ದಿದ್ದು. ಹಾಲಿನ ಪದಾರ್ಥ ತರೋ ಹಾಗಿಲ್ಲ ಅಂತ ಏರ್‌ಪೋರ್ಟಲ್ಲಿ ನಮ್ಮ ಕಣ್ಣೆದುರೇ ತೊಟ್ಟಿಗೆ ಹಾಕಿದರು. ತುಪ್ಪನೂ ಹೋಯಿತು.

ಜಯನಗರದ ಅಜ್ಜಿ:
ನಾವು ಮೈಸೂರು ಪಾಕ್ ಒಯ್ದಿದ್ದೆವು. ಯಾರೂ ಕೇಳಲಿಲ್ಲ.

ರೆಡಿಂಗ್ ಕನ್ನಡಿಗ:
ಅಜ್ಜಿ, ದಯವಿಟ್ಟು ಹಾಗೆ ಹೇಳಬೇಡಿ. ನಿಮ್ಮನ್ನು ಕೇಳಲಿಲ್ಲ ಅಂದರೆ ತರಬಹುದು ಅಂತಲ್ಲ. ಭಾರತದಿಂದ ಮಾಂಸ, ಹಾಲಿನ ಪದಾರ್ಥ ತರೋ ಹಾಗಿಲ್ಲ, ನಿಯಮ ಅಷ್ಟೇ. ಚಟ್ನಿಪುಡಿ, ಅವಲಕ್ಕಿ, ಖಾರಾ ಬೂಂದಿ ತನ್ನಿ. ದೋಸೆ ಇಡ್ಲಿಗೆ ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿ ಇವೆ.

ಮತ್ತೆ ಹುಬ್ಬಳ್ಳಿ ಅಕ್ಕ, ಹತ್ತೋ ಮುಂಚೆ ಇಳಿಯೋ ಸ್ಟೇಷನ್ನಲ್ಲಿ ಲಿಫ್ಟ್ ಇದೆಯಾ ಅಂತ ಮ್ಯಾಪ್ ನೋಡಬೇಕು. ಗಾಲಿಕುರ್ಚಿ ಗುರುತು ಹಾಕಿರುತ್ತಾರೆ.

ಹುಬ್ಬಳ್ಳಿ ಅಕ್ಕ:
ಎಲ್ಲಾ ನಾವೇ ನೋಡಬೇಕು, ನಾವೇ ಕೇಳಬೇಕು. ನೀವು ಹೇಳೋ 20 ಪೌಂಡ್ ಉಳಿತಾಯಕ್ಕೆ ನಮ್ಮ ಮನೆಯವರ ಸೊಂಟ ಹೋಯಿತು. ವಾಪಸ್ ಹೋಗುವಾಗ ದೊಡ್ಡ ಗಾಡಿ ಮಾಡಿದೆವು, 95 ಪೌಂಡ್ ಕೊಟ್ಟೆವು. ಆರು ಜನಕ್ಕೆ ಹಂಚಿದರೆ ಎಷ್ಟಾಯ್ತು ನೀವೇ ಲೆಕ್ಕ ಹಾಕಿ.

ಮಂಡ್ಯದ ಗೌಡ:
ಖರ್ಚು ಖರ್ಚು ಅಂತ ಕಿತ್ತಾಡ್ತಿದ್ದೀರಲ್ಲ, ಶ್ರೀರಂಗಪಟ್ಟಣದ ಹುಲಿ ನೋಡಿದಿರಾ ಯಾರಾದರೂ? ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಪ್ರವೇಶ ಫ್ರೀ. ಟಿಪ್ಪುವಿನ ಮರದ ಹುಲಿ, ಬಿಳೀ ಸಿಪಾಯಿ ಮೇಲೆ ಬಿದ್ದು ಕುತ್ತಿಗೆಗೆ ಬಾಯಿ ಹಾಕಿರೋದು. ಹುಲಿ ಹೊಟ್ಟೆಯೊಳಗೆ ಆರ್ಗನ್ ವಾದ್ಯ ಇದೆ. ಪಕ್ಕದ ಹಿಡಿ ತಿರುಗಿಸಿದರೆ ಸಿಪಾಯಿ ಕೈ ಎತ್ತಿ ನರಳೋ ಸದ್ದು, ಹುಲಿ ಗುರುಗುಟ್ಟೋ ಸದ್ದು ಬರುತ್ತೆ. ಈಗ ಗಾಜಿನೊಳಗಿದೆ, ತಿರುಗಿಸೋಕೆ ಬಿಡಲ್ಲ. 1799ರಲ್ಲಿ ಕೋಟೆ ಬಿದ್ದಾಗ ಹೊತ್ತುಕೊಂಡು ಹೋಗಿದ್ದು. ನಮ್ಮೂರಿಂದ ಅರ್ಧ ಗಂಟೆ ದಾರಿಯ ವಸ್ತು, ಅದನ್ನು ನೋಡೋಕೆ ನಾನು ಸಮುದ್ರ ದಾಟಬೇಕಾಯ್ತು. ಹೊಟ್ಟೆ ಉರೀತು.

ದಾವಣಗೆರೆ ಮೇಷ್ಟ್ರು:
ಕೊಹಿನೂರೂ ಅಷ್ಟೇ. 1849ರಲ್ಲಿ ಒಬ್ಬ ಬಾಲಕ ಮಹಾರಾಜನಿಂದ ಬರೆಸಿಕೊಂಡದ್ದು. ಈಗ ಅದನ್ನು ನೋಡೋಕೆ ನಾವೇ ದುಡ್ಡು ಕೊಟ್ಟು ಟಿಕೆಟ್ ತಗೋಬೇಕು.

ಜಯನಗರದ ಅಜ್ಜಿ:
ಟಿಪ್ಪು ವಿಷಯ ಇಲ್ಲಿಗೆ ಯಾಕೆ ತಂದಿರಿ ಗೌಡರೇ? ಆ ಹೆಣ್ಣುಮಗಳು ಕೇಳಿದ್ದು ಟೂರ್ ಬಗ್ಗೆ.

ಮಂಡ್ಯದ ಗೌಡ:
ಟೂರ್ ಅಂದರೆ ಮತ್ತೇನು ಅಜ್ಜಿ, ಬಿಸಿ ಅನ್ನ ತಿನ್ನೋಕೆ ಲಂಡನ್‌ಗೆ ಹೋಗಬೇಕಾ? ಅದು ಜಯನಗರದಲ್ಲೇ ಸಿಗುತ್ತೆ.

ಜಯನಗರದ ಅಜ್ಜಿ:
ಬೈಪಾಸ್ ಆದ ಗಂಡನ್ನ ಕಟ್ಟಿಕೊಂಡು ಹೋಗಿ ಬನ್ನಿ, ಆಮೇಲೆ ಅನ್ನದ ಬೆಲೆ ಹೇಳಿ.

ಕಲಬುರಗಿ ನರ್ಸ್:
ಜಗಳ ಸಾಕ್ರಿ. ನಮ್ಮ ಅವ್ವಗೂ ಮಂಡಿನೋವು, ಆಕೀನ ಕರ್ಕೊಂಡು ಬಸವಣ್ಣನ ಮೂರ್ತಿ ತನಕ ಹೋಗಿ ಬಂದೀನಿ. ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಾಗ ಲಿಫ್ಟ್ ಅದ. ಸೇತುವೆ ದಾಟಿ ನದಿ ದಂಡಿ ಹಿಡಿದರೆ ಸಪಾಟು ದಾರಿ. ಗೋಡೆ ತುಂಬ ಕೆಂಪು ಹೃದಯ ಬರೆದಾರ, ಕೋವಿಡ್‌ನಾಗ ಸತ್ತವರ ನೆನಪಿಗೆ. ನಾನು ಆಗ ವಾರ್ಡಿನಾಗ ಕೆಲಸ ಮಾಡಿದಾಕಿ, ಅಲ್ಲಿ ನನಗ ಕಾಲು ಮುಂದ ಹೋಗಲಿಲ್ಲ. ಮುಂದ ಲ್ಯಾಂಬೆತ್ ಸೇತುವೆ ಹತ್ತಿರ ತೋಟದಾಗ ಬಸವಣ್ಣನ ಅರ್ಧಮೂರ್ತಿ. 2015ರ ನವೆಂಬರ್‌ನಾಗ ಪ್ರಧಾನಿ ಮೋದಿ ಉದ್ಘಾಟಿಸಿದ್ದು. ಕೆಲಸ ನಿಂತು ಮಾಡಿಸಿದವರು ನಮ್ಮ ಕಲಬುರಗಿ ಕಡೆಯವರೇ, ನೀರಜ್ ಪಾಟೀಲರು, ಲ್ಯಾಂಬೆತ್ ಮೇಯರ್ ಆಗಿದ್ದವರು. ಅವ್ವ ಚಪ್ಪಲಿ ಬಿಟ್ಟು ನಿಂತಳು.

ಅತ್ತೆಯವರಿಗೆ ಮಾತ್ರ ಕವೆಂಟ್ ಗಾರ್ಡನ್ ಸ್ಟೇಷನ್ನಿನ ಮೆಟ್ಟಿಲು ಹತ್ತಿಸಬ್ಯಾಡ್ರಿ. ಲಿಫ್ಟಿಗೆ ಕ್ಯೂ ಇದ್ರೂ ನಿಲ್ರಿ, ಮೆಟ್ಟಿಲು 193 ಅವ.

ತುಮಕೂರಿನ ಸೊಸೆ:
ಎಲ್ಲರಿಗೂ ಧನ್ಯವಾದ. ನಮ್ಮನೆಯವರು ಪ್ಯಾಡಿಂಗ್ಟನ್‌ನಲ್ಲಿ ಬಿಳೀ ಕಂಬದ ಹೋಟೆಲ್ ಒಂದನ್ನು ನಿನ್ನೆ ಬುಕ್ ಮಾಡಿದ್ದಾರೆ. ಲಿಫ್ಟ್ ಬಗ್ಗೆ ಅದರಲ್ಲಿ ಏನೂ ಬರೆದಿಲ್ಲ.

ಹುಬ್ಬಳ್ಳಿ ಅಕ್ಕ:
ಇವತ್ತೇ ಕ್ಯಾನ್ಸಲ್ ಮಾಡಿ.

ರೆಡಿಂಗ್ ಕನ್ನಡಿಗ:
ಮೊದಲು ಫೋನ್ ಮಾಡಿ ಕೇಳಿ. ಪ್ಯಾಡಿಂಗ್ಟನ್ ಜಾಗ ಒಳ್ಳೆಯದೇ. ಅಲ್ಲಿಂದ ಎಲಿಜಬೆತ್ ಲೈನ್ ಇದೆ, ಆ ಲೈನಿನ ಎಲ್ಲಾ ಸ್ಟೇಷನ್ನಲ್ಲೂ ಮೆಟ್ಟಿಲಿಲ್ಲದೆ ರಸ್ತೆಗೆ ಬರಬಹುದು.

ಹುಬ್ಬಳ್ಳಿ ಅಕ್ಕ:
ಫೋನಲ್ಲಿ ನಮಗೂ 'ಇದೆ' ಅಂತಲೇ ಹೇಳಿದ್ದರು. ಬರಹದಲ್ಲಿ ಕೇಳಿ.