ಕೀಮೋ ನಡುವೆ ಅಮ್ಮ ವಾಕಿಂಗ್ ಹೋಗಬಹುದಾ?

ಅಮ್ಮನಿಗೆ 54 ವರ್ಷ. ಸ್ತನ ಕ್ಯಾನ್ಸರ್. ಎಡಗಡೆ ಆಪರೇಷನ್ ಆಗಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. 21 ದಿನಕ್ಕೊಂದು ಕೀಮೋ, ಎರಡು ಮುಗಿದಿವೆ. ಮೊದಲು ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದರು. ಈಗ ಬಂದ ನೆಂಟರೆಲ್ಲ "ಸುಮ್ನೆ ಮಲಗು" ಅಂತಾರೆ. ಚಿಕಿತ್ಸೆ ನಡೆಯುವಾಗಲೇ ವ್ಯಾಯಾಮ ಮಾಡಿದವರು ಇದ್ದರೆ ಹೇಗೆ ಮಾಡಿದಿರಿ ಹೇಳಿ.

ಶಿವಮೊಗ್ಗದಿಂದ:
ನನಗೂ ಇದೇ ಆಪರೇಷನ್. ಕೆಂಪು ಬಣ್ಣದ ಔಷಧಿಯ ಕೀಮೋ ನಾಲ್ಕು, ಆಮೇಲೆ ಬೇರೆಯದು ವಾರಕ್ಕೊಂದರಂತೆ ಹನ್ನೆರಡು. ಅತ್ತೆ ಲೋಟ ಎತ್ತಲೂ ಬಿಡುತ್ತಿರಲಿಲ್ಲ. ಎರಡನೇ ಕೀಮೋ ಹೊತ್ತಿಗೆ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರನ್ನು ಕೇಳಿದೆ. ರಕ್ತದ ರಿಪೋರ್ಟ್, ಎಕೋ (ಹೃದಯದ ಸ್ಕ್ಯಾನ್) ಎರಡನ್ನೂ ನೋಡಿ ನಡೆಯಲು ಹೇಳಿದರು. ಆ ಕೆಂಪು ಔಷಧಿ ಕೆಲವರ ಹೃದಯಕ್ಕೆ ತೊಂದರೆ ಕೊಡುತ್ತದಂತೆ, ಅದಕ್ಕೇ ಎಕೋ.

21 ದಿನವೂ ಒಂದೇ ಥರ ಇರಲ್ಲ. ಕೀಮೋ ಆದ ಮೂರ್ನಾಲ್ಕು ದಿನ ನನಗೆ ಜಗಲಿಯ ಈ ತುದಿಯಿಂದ ಆ ತುದಿ, ಅಷ್ಟೇ. ಎರಡನೇ ವಾರ ಬಿಳಿ ರಕ್ತಕಣದ ಕೌಂಟ್ ಇಳಿದಿರುತ್ತದೆ, ಇನ್‌ಫೆಕ್ಷನ್ ಭಯ. ಆಗ ಜನ ಸೇರುವ ಪಾರ್ಕು, ಜಿಮ್ ಎಲ್ಲ ಬಿಟ್ಟು ತಾರಸಿಯಲ್ಲೇ ನಡೆದೆ. ಮೂರನೇ ವಾರ ಜೀವ ಬಂದ ಹಾಗಾಗುತ್ತದೆ. ನಾನು ಎಡವಿದ್ದೂ ಅಲ್ಲೇ! ಹುರುಪಿನಲ್ಲಿ ಹಳೇ ಲೆಕ್ಕದಷ್ಟು ನಡೆದು ಎರಡು ದಿನ ಮೇಲೇಳಲಿಲ್ಲ. ಆಮೇಲೆ 10 ನಿಮಿಷದಿಂದ ಶುರು ಮಾಡಿ 25ಕ್ಕೆ ಬಂದೆ. ಜೊತೆಗಿರುವವರ ಹತ್ತಿರ ಮಾತಾಡುತ್ತಾ ನಡೆಯಲಿ. ಮಾತು ತುಂಡಾಗತೊಡಗಿದರೆ ವೇಗ ಜಾಸ್ತಿ ಆಯಿತು ಅಂತ.

ಗ್ರಂಥಿ ತೆಗೆದ ಕಡೆಯ ಕೈ ವ್ಯಾಯಾಮ ಮರೆಯಬೇಡಿ. ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಹತ್ತಿಸುವುದು. ಮಕ್ಕಳ ಎತ್ತರ ಗುರುತು ಹಾಕಿದ ಗೋಡೆಯಲ್ಲೇ ನನ್ನ ಗುರುತೂ ಇದೆ. ಭಾರ ಎತ್ತುವುದನ್ನು ಫಿಸಿಯೋ ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿಸಿದರು. ಸಡಿಲವಿದ್ದ ಬಳೆ ಬಿಗಿಯಾಗತೊಡಗಿದರೆ ಕೈ ಊದಿಕೊಳ್ಳುತ್ತಿದೆ ಅಂತಲೇ ತಿಳಿಯಿರಿ, ತಕ್ಷಣ ತೋರಿಸಿ. ಬಿಪಿ, ಸೂಜಿ ಎಲ್ಲ ಬಲಗೈಗೇ ಇರಲಿ.

ವಾರದ ಕೀಮೋ ಶುರುವಾದ ಮೇಲೆ ಕಾಲ್ಬೆರಳು ಜೋಮು ಹಿಡಿಯಿತು. ಒಂದು ದಿನ ಚಪ್ಪಲಿ ಕಳಚಿದ್ದೇ ಗೊತ್ತಾಗದೆ ನಾಲ್ಕು ಹೆಜ್ಜೆ ನಡೆದಿದ್ದೆ. ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕಿದೆ. ದೇವಸ್ಥಾನದಲ್ಲಿ ಬರಿಗಾಲ ಪ್ರದಕ್ಷಿಣೆಯನ್ನೂ ನಿಲ್ಲಿಸಿದೆ, ಕಲ್ಲು ಸುಟ್ಟರೂ ಗೊತ್ತಾಗಬೇಕಲ್ಲ.

ಜ್ವರ 100.4 ಡಿಗ್ರಿ ಮುಟ್ಟಿದರೆ ವಾಕಿಂಗ್ ಮಾತೇ ಬೇಡ. ಮಾತ್ರೆ ನುಂಗಿ ಮಲಗುವುದೂ ಬೇಡ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಧಾರವಾಡದಿಂದ:
ನನ್ನದು ದೊಡ್ಡ ಕರುಳಿನದು, ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಟ್ಟಿದ್ದರು. ಅದಕ್ಕೆ ತಣ್ಣನೆಯದು ಆಗಿಬರಲ್ಲ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟು, ಚಳಿಗಾಳಿಗೆ ಗಂಟಲು ಹಿಡಿದಂತಾಗಿ ಗಾಬರಿಬಿದ್ದು ವಾಪಸ್ ಬಂದೆ. ಆಮೇಲೆ ಬಿಸಿಲು ಬಂದ ಮೇಲೆಯೇ ವಾಕಿಂಗ್. ನಿಮ್ಮ ಅಮ್ಮನ ಔಷಧಿ ಬೇರೆ ಇರಬಹುದು, ಆದರೂ ಹೆಸರು ಕೇಳಿಕೊಳ್ಳಿ. ನೆಂಟರಿಗೆ ಹೇಳಲು ಒಂದು ಮಾತು: ಚಿಕಿತ್ಸೆ ನಡೆಯುವಾಗಲೇ ವ್ಯಾಯಾಮ ಮಾಡಿಸಿ ಅಂತ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ 2022ರಲ್ಲೇ ಹೇಳಿದೆ. ನಮ್ಮ ಮನೆಯವರು ಅದಕ್ಕೂ ಬಗ್ಗಲಿಲ್ಲ, ಅದು ಬೇರೆ ವಿಷಯ.

ಬೆಂಗಳೂರಿನಿಂದ:
ಒಂದೇ ಎಚ್ಚರಿಕೆ. ನಮ್ಮ ತಂದೆಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಅವರಿಗೆ ಬಗ್ಗುವ, ಸೊಂಟ ತಿರುಚುವ ಆಸನಗಳು ಬೇಡವೇ ಬೇಡ ಅಂದಿದ್ದರು, ಮೂಳೆ ಮುರಿಯಬಹುದು ಅಂತ. ಹೊಸದಾಗಿ ಬೆನ್ನು ನೋವು ಬಂದರೆ ಯೋಗದಿಂದ ಸರಿಮಾಡಲು ಹೋಗಬೇಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದಾಗಲೂ ಭಾರ ಎತ್ತುವುದು, ಬೀಳುವ ಭಯ ಇರುವ ವ್ಯಾಯಾಮ ಬೇಡ.

ಪ್ರಶ್ನೆ ಕೇಳಿದವರು:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಬಳೆ ಮಾತು ಬಂದ ಕೂಡಲೇ ಎಡಗೈ ಬಳೆ ತಿರುಗಿಸಿ ನೋಡಿಕೊಂಡರು. ಸಡಿಲವಿದೆ. ನಾಳಿದ್ದು ರಕ್ತಪರೀಕ್ಷೆಗೆ ಹೋದಾಗ ಎಕೋ ಬಗ್ಗೆ ಕೇಳುತ್ತೇನೆ. ಶೂ ಸೈಜ್ ಅಮ್ಮ ಈಗಲೇ ಹೇಳಿಬಿಟ್ಟಿದ್ದಾರೆ.